ಮನೆಯ ಸರ್ವರ್‌ಗೆ ಹೊರಗಿನಿಂದ ನಾಲ್ಕು ದಾರಿ: ಕೆಟ್ಟಾಗ ಯಾವುದು ಸುಳಿವು ಕೊಡುತ್ತದೆ?

ಮನೆಯಲ್ಲಿ ವೆಬ್ ಸರ್ವರ್ ಇಟ್ಟುಕೊಂಡವರು ಅದನ್ನು ಹೊರಗಿನವರಿಗೆ ತೆರೆಯುವ ವಿಧಾನವನ್ನು ಆರಿಸುವಾಗ ಕೇಳಿಕೊಳ್ಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಯಾವುದನ್ನು ಬೇಗ ಜೋಡಿಸಬಹುದು? ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಎಲ್ಲ ವಿಧಾನಗಳೂ ಒಂದಲ್ಲ ಒಂದು ದಿನ ಕೈಕೊಡುತ್ತವೆ. ಆಗ ತಪ್ಪು ಎಲ್ಲಿದೆ ಎಂದು ಹುಡುಕಲು ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ? ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂ ಮೇಲೆ ನಡೆಯುವ ಟಿಪ್ಪಣಿಗಳ ತಾಣ ಮತ್ತು ಮನೆಯವರ ಫೋಟೊ ಸಂಗ್ರಹ, ಇವೆರಡನ್ನೂ ನಾಲ್ಕು ದಾರಿಗಳಲ್ಲಿ ನಡೆಸಿ ನೋಡಿದ್ದೇನೆ. ಈ ಹೋಲಿಕೆಯ ಅಳತೆಗೋಲು ಆ ಪ್ರಶ್ನೆಯೇ.

ಯಾವ ದಾರಿ ಹಿಡಿದರೂ ಮೊದಲ ಪರೀಕ್ಷೆ ಒಂದೇ. ಮನೆಯೊಳಗಿನ ಇನ್ನೊಂದು ಕಂಪ್ಯೂಟರ್‌ನಿಂದ ಸರ್ವರ್‌ನ ಐಪಿ ವಿಳಾಸವನ್ನು ನೇರವಾಗಿ ತೆರೆಯಬೇಕು. ಅಲ್ಲಿಯೇ ತೆರೆಯದಿದ್ದರೆ ರೂಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಪ್ರೋಗ್ರಾಂ 127.0.0.1ರಲ್ಲಿ ಮಾತ್ರ ಕಾಯುತ್ತಿರಬಹುದು; ಆಗ ಅದು ತನ್ನ ಯಂತ್ರದ ಕರೆಗಳಿಗಷ್ಟೇ ಓಗೊಡುತ್ತದೆ. 0.0.0.0 ಎಂದಿದ್ದರೆ ಎಲ್ಲ ಕಡೆಯ ಕರೆಗಳೂ ತಲುಪುತ್ತವೆ. ಮನೆಯ ಯಂತ್ರಗಳಿಗೆ ವಿಳಾಸ ಹಂಚುವ ರೂಟರ್‌ನ ಡಿಎಚ್‌ಸಿಪಿ ಪಟ್ಟಿಯಲ್ಲಿ ಸರ್ವರ್‌ಗೆ ವಿಳಾಸವನ್ನು ಕಾಯ್ದಿರಿಸುವುದೂ ಈ ಹಂತದ ಕೆಲಸವೇ.

ಪೋರ್ಟ್ ಫಾರ್ವರ್ಡಿಂಗ್

ಇದು ಹಳೆಯ ದಾರಿ, ನೇರವಾದ ದಾರಿ. ಹೊರಗಿನಿಂದ ವೆಬ್‌ನ 80 ಮತ್ತು 443ನೇ ಪೋರ್ಟ್‌ಗೆ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆಯುಳ್ಳ ಬಾಗಿಲು) ಬಂದದ್ದನ್ನು ರೂಟರ್ ಮನೆಯೊಳಗಿನ ಸರ್ವರ್‌ನ ವಿಳಾಸವಾದ 192.168.1.20ಕ್ಕೆ ದಾಟಿಸುತ್ತದೆ. ಹೊರಗಿನ ವಿಳಾಸ ಬದಲಾದಾಗ ಡೈನಮಿಕ್ ಡಿಎನ್‌ಎಸ್ (ಡಿಎನ್‌ಎಸ್ ಎಂದರೆ ತಾಣದ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ನಿಮ್ಮ ಹೆಸರನ್ನು ಹೊಸ ವಿಳಾಸಕ್ಕೆ ತಿರುಗಿಸುತ್ತದೆ. ನಡುವೆ ಮೂರನೆಯವರಿಲ್ಲ; ತಪ್ಪು ಹುಡುಕುವಾಗ ಅದೇ ದೊಡ್ಡ ಅನುಕೂಲ. ಸರ್ವರ್‌ನಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ 443ನೇ ಪೋರ್ಟಿನ ಮೇಲೆ ಕಣ್ಣಿಡಿ. ಮೊಬೈಲ್‌ನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ತಾಣವನ್ನು ತೆರೆಯಿರಿ. ಸಂಪರ್ಕ ಕೋರುವ ಮೊದಲ ಪ್ಯಾಕೆಟ್, ಅಂದರೆ ಸಿನ್ ಪ್ಯಾಕೆಟ್, ಬರಲೇ ಇಲ್ಲವೆಂದರೆ ತಪ್ಪು ರೂಟರ್‌ನಲ್ಲಿದೆ ಅಥವಾ ಅದರಾಚೆ ಇದೆ. ಬಂದ ತಕ್ಷಣ ಆರ್‌ಎಸ್‌ಟಿ, ಅಂದರೆ ನಿರಾಕರಣೆ, ಹಿಂದಿರುಗಿದರೆ ಆ ಪೋರ್ಟ್‌ನಲ್ಲಿ ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ. ಬಂದರೂ ಯಾವ ಉತ್ತರವೂ ಹೊರಡದಿದ್ದರೆ ಬಹುಮಟ್ಟಿಗೆ ಸರ್ವರ್‌ನ ಫೈರ್‌ವಾಲ್ ಅದನ್ನು ನುಂಗುತ್ತಿದೆ. ಅರ್ಧ ನಿಮಿಷದ ಈ ಪರೀಕ್ಷೆ ಎಷ್ಟೋ ಹೊತ್ತಿನ ಊಹಾಪೋಹವನ್ನು ಉಳಿಸುತ್ತದೆ.

ಸಿನ್ ಪ್ಯಾಕೆಟ್ ಬಾರದಿದ್ದಾಗ ನೋಡಬೇಕಾದದ್ದು ರೂಟರ್‌ನ ಹೊರಬದಿಯ ವಿಳಾಸ. ಅದು 100.64.0.0ದಿಂದ 100.127.255.255ರ ನಡುವೆ ಇದ್ದರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ. ಸೇವೆ ಕೊಡುವ ಕಂಪನಿಗಳು ಹಲವು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲೆಂದೇ 2012ರಲ್ಲಿ ಈ ಶ್ರೇಣಿಯನ್ನು ಮೀಸಲಿಡಲಾಯಿತು. ಅಲ್ಲಿ ನಿಮ್ಮ ರೂಟರ್‌ನಲ್ಲಿ ಏನೇ ಬರೆದರೂ ಫಲವಿಲ್ಲ. ಬಾಗಿಲು ಇರುವುದು ಕಂಪನಿಯ ಕೈಯಲ್ಲಿ. ಹೊರಬದಿಯ ವಿಳಾಸ 192.168ರಿಂದ ಶುರುವಾದರೆ ಮಾತ್ರ ಬೇಸರಪಡಬೇಕಿಲ್ಲ. ಸಾಮಾನ್ಯವಾಗಿ ಮೋಡೆಮ್ ಕೂಡ ರೂಟರ್‌ನಂತೆ ನಡೆದುಕೊಳ್ಳುತ್ತಿರುತ್ತದೆ. ಅದನ್ನು ಬ್ರಿಡ್ಜ್ ಮೋಡ್‌ಗೆ (ಬರೀ ದಾಟಿಸುವ ಕೆಲಸಕ್ಕೆ) ಹಾಕಿದರೆ ಒಂದು ಪದರ ಕಳಚುತ್ತದೆ.

ಈ ದಾರಿಯಲ್ಲಿ ಜನರನ್ನು ಅತಿ ಹೆಚ್ಚು ದಿಕ್ಕುತಪ್ಪಿಸುವ ಲಕ್ಷಣ ಬೇರೆಯದೇ. ಮೊಬೈಲ್ ಡೇಟಾದಲ್ಲಿ ತಾಣ ಚೆನ್ನಾಗಿ ತೆರೆಯುತ್ತದೆ, ಮನೆಯ ವೈಫೈಯಲ್ಲಿ ತೆರೆಯುವುದಿಲ್ಲ. ಅಥವಾ ತಾಣದ ಬದಲು ರೂಟರ್‌ನ ಲಾಗಿನ್ ಪುಟ ಎದುರಾಗುತ್ತದೆ. ಒಳಗಿನಿಂದ ಹೊರಟ ಕರೆ ರೂಟರ್‌ನ ಸಾರ್ವಜನಿಕ ವಿಳಾಸವನ್ನು ಮುಟ್ಟಿ ಮತ್ತೆ ಒಳಗೆ ತಿರುಗಬೇಕು; ಎಲ್ಲ ರೂಟರ್‌ಗಳೂ ಹಾಗೆ ತಿರುಗಿಸುವುದಿಲ್ಲ. ಪರಿಹಾರ ಎರಡು. ರೂಟರ್‌ನಲ್ಲಿ ಹಾಗೆ ತಿರುಗಿಸುವ ನ್ಯಾಟ್ ಲೂಪ್‌ಬ್ಯಾಕ್ ಸೌಲಭ್ಯ ಇದ್ದರೆ ಅದನ್ನು ಚಾಲನೆಗೊಳಿಸುವುದು ಒಂದು. ಮನೆಯೊಳಗೆ ಸ್ವಂತ ಡಿಎನ್‌ಎಸ್ ಇಟ್ಟು, ಅದೇ ಹೆಸರಿಗೆ ಒಳಗಿನವರಿಗೆ 192.168.1.20 ಎಂದು ಉತ್ತರ ಕೊಡಿಸುವುದು ಇನ್ನೊಂದು. ಎರಡನ್ನೂ ಬಳಸಿದ ನನ್ನ ಒಲವು ಎರಡನೆಯದರ ಕಡೆಗೆ. ಲೂಪ್‌ಬ್ಯಾಕ್‌ನಲ್ಲಿ ಮನೆಯೊಳಗಿನ ಎಲ್ಲ ಕರೆಗಳೂ ರೂಟರ್‌ನ ವಿಳಾಸದಿಂದ ಬಂದಂತೆ ಸರ್ವರ್‌ನ ಲಾಗ್‌ನಲ್ಲಿ ದಾಖಲಾಗುತ್ತಿದ್ದವು. ಯಾವ ಯಂತ್ರ ಕೇಳಿತು ಎಂಬುದು ಮರೆಯಾಗುತ್ತಿತ್ತು. ಒಳಗಿನ ಡಿಎನ್‌ಎಸ್‌ನಲ್ಲಿ ನಿಜವಾದ ವಿಳಾಸ ಉಳಿಯುತ್ತದೆ. ಹೆಸರು ಬದಲಾಗದ ಕಾರಣ ತಾಣದ ಗುರುತು ಸಾರುವ ಪ್ರಮಾಣಪತ್ರಕ್ಕೂ ತೊಂದರೆಯಿಲ್ಲ. ಅಂತರ್ಜಾಲ ಸಂಪರ್ಕ ಕಡಿದರೂ ಮನೆಯೊಳಗೆ ಫೋಟೊಗಳು ಸಿಗುತ್ತವೆ. ಪೈ-ಹೋಲ್ ಅಥವಾ ಆಡ್‌ಗಾರ್ಡ್ ಹೋಮ್‌ನಂಥ ಮನೆಯ ಡಿಎನ್‌ಎಸ್ ಪ್ರೋಗ್ರಾಂ ಇದ್ದವರಿಗೆ ಇದು ಒಂದು ಸಾಲಿನ ಕೆಲಸ. ಎಚ್ಚರ ಬೇಕಾದದ್ದು ಒಂದು ಕಡೆ: ಬ್ರೌಸರ್‌ನ ಸುರಕ್ಷಿತ ಡಿಎನ್‌ಎಸ್ ಅಥವಾ ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್ ಹೊರಗಿನ ಸೇವೆಯತ್ತ ತಿರುಗಿದ್ದರೆ ಅದು ಮನೆಯ ಡಿಎನ್‌ಎಸ್ಸನ್ನು ಕೇಳುವುದೇ ಇಲ್ಲ. ಮನೆಯಲ್ಲಿ ಒಂದು ಫೋನ್ ಮಾತ್ರ ಹಟ ಹಿಡಿದರೆ ಮೊದಲು ಇದನ್ನೇ ನೋಡಿ.

ಐಪಿವಿ6 ನೇರ ಸಂಪರ್ಕ

ಸಿಜಿನ್ಯಾಟ್ ಇದ್ದ ಕಡೆಯೂ ಐಪಿವಿ6, ಅಂದರೆ ಹೊಸ ಬಗೆಯ ಉದ್ದ ಐಪಿ ವಿಳಾಸ, ಸಿಗುವುದುಂಟು. ಸಿಕ್ಕರೆ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ. ಫಾರ್ವರ್ಡಿಂಗ್ ಇಲ್ಲ, ರೂಟರ್‌ನ ಫೈರ್‌ವಾಲ್‌ನಲ್ಲಿ ಒಂದು ನಿಯಮ ಸಾಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ದಾರಿಯಿಲ್ಲ. ಬಳಕೆಯಲ್ಲಿ ಎರಡು ತೊಡಕುಗಳು ಎದುರಾದವು. ಸಂಪರ್ಕ ಮರುಜೋಡಣೆಯಾದಾಗ ವಿಳಾಸದ ಮುಂಭಾಗವೇ ಬದಲಾಗುತ್ತಿತ್ತು. ಪೂರ್ತಿ ವಿಳಾಸ ಬರೆದ ಫೈರ್‌ವಾಲ್ ನಿಯಮ ಆ ಕ್ಷಣವೇ ನಿಷ್ಪ್ರಯೋಜಕ. ಹಳೆಯ ಬಗೆಯ ಐಪಿವಿ4 ಮಾತ್ರ ಇರುವ ಸಂದರ್ಶಕರಿಗಂತೂ ತಾಣ ಕಾಣುವುದೇ ಇಲ್ಲ.

ಇದರ ದೋಷಗಳು ಅಡಗಿಕೊಳ್ಳುವುದರಲ್ಲಿ ಜಾಣ. ಹೆಸರಿಗೆ ಎರಡೂ ಬಗೆಯ ವಿಳಾಸ ಇದ್ದು ಐಪಿವಿ6 ಮಾತ್ರ ಕೆಟ್ಟಿದ್ದರೆ, ಬ್ರೌಸರ್ ಕ್ಷಣಾರ್ಧದಲ್ಲಿ ಸದ್ದಿಲ್ಲದೆ ಐಪಿವಿ4ಕ್ಕೆ ಹೊರಳುತ್ತದೆ. ಪುಟ ತೆರೆಯಿತು, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಪುಟ ತರಿಸುವ ಕರ್ಲ್ ಆದೇಶಕ್ಕೆ ಒಮ್ಮೆ -4, ಒಮ್ಮೆ -6 ಸೇರಿಸಿ ಬೇರೆ ಬೇರೆಯಾಗಿ ಪರೀಕ್ಷಿಸಿದರಷ್ಟೇ ಸತ್ಯ ಹೊರಬರುತ್ತದೆ.

ಕ್ಲೌಡ್‌ಫ್ಲೇರ್ ಟನೆಲ್

ಇಲ್ಲಿ ಕರೆಯ ದಿಕ್ಕೇ ತಿರುಗುಮುರುಗು. ಮನೆಯಲ್ಲಿರುವ ಕ್ಲೌಡ್‌ಫ್ಲೇರ್‌ಡಿ ಎಂಬ ಪ್ರೋಗ್ರಾಂ 7844ನೇ ಪೋರ್ಟ್ ಹಿಡಿದು ತಾನೇ ಹೊರಗೆ, ಕ್ಲೌಡ್‌ಫ್ಲೇರ್ ಕಂಪನಿಯ ಜಾಲಕ್ಕೆ, ಸಂಪರ್ಕ ಕಟ್ಟುತ್ತದೆ. ಸಂದರ್ಶಕರು ಆ ಸಂಪರ್ಕದ ಮೂಲಕವೇ ಒಳಬರುತ್ತಾರೆ. ರೂಟರ್‌ನಲ್ಲಿ ಏನನ್ನೂ ತೆರೆಯಬೇಕಿಲ್ಲ, ಸಿಜಿನ್ಯಾಟ್ ಅಡ್ಡಿಯಲ್ಲ, ಮನೆಯ ವಿಳಾಸ ಬಯಲಾಗುವುದಿಲ್ಲ. ನಾಲ್ಕರಲ್ಲಿ ಬೇಗ ಜೋಡಣೆಯಾದದ್ದು ಇದೇ.

ದೋಷ ಹುಡುಕುವಾಗ ಅರ್ಧ ದಾರಿ ಮಾತ್ರ ನಿಮ್ಮದು. 1033 ಎಂಬ ದೋಷಸಂಖ್ಯೆ ಕಂಡರೆ ಟನೆಲ್ ಜೋಡಣೆಯಾಗಿಲ್ಲ ಎಂದರ್ಥ. 502 ಕಂಡರೆ ಟನೆಲ್ ಇದೆ, ಅದರ ಈ ತುದಿಗೆ ನಿಮ್ಮ ಸರ್ವರ್ ಸಿಗುತ್ತಿಲ್ಲ. ಕ್ಲೌಡ್‌ಫ್ಲೇರ್‌ಡಿ ಕಂಟೇನರ್‌ನೊಳಗೆ (ಪ್ರೋಗ್ರಾಂ ಒಂದನ್ನು ಬೇರ್ಪಡಿಸಿ ಓಡಿಸುವ ಆವರಣದಲ್ಲಿ) ಓಡುತ್ತಿದ್ದು, ಗುರಿಯನ್ನು ಲೋಕಲ್‌ಹೋಸ್ಟ್ ಎಂದು ಬರೆದಿದ್ದರೆ ಹೀಗಾಗುತ್ತದೆ. ಕಂಟೇನರ್‌ಗೆ ಲೋಕಲ್‌ಹೋಸ್ಟ್ ಎಂದರೆ ತಾನೇ. ಇವೆರಡು ಸುಳಿವುಗಳು ಸ್ಪಷ್ಟವಾಗಿವೆ, ಅದನ್ನು ಮೆಚ್ಚಲೇಬೇಕು. ಆದರೆ ಪುಟ ನಿಧಾನವಾದರೆ, ಕಡತ ಅರ್ಧಕ್ಕೆ ನಿಂತರೆ, ನಡುವಿನ ದಾರಿಯಲ್ಲಿ ಟಿಸಿಪಿಡಂಪ್ ಓಡಿಸಲು ನಿಮಗೆ ಜಾಗವೇ ಇಲ್ಲ. ಸಂದರ್ಶಕರ ಗೂಢಲಿಪೀಕರಣ ಬಿಚ್ಚಿಕೊಳ್ಳುವುದೂ ಆ ಕಂಪನಿಯ ಯಂತ್ರಗಳಲ್ಲೇ. ಎಲ್ಲರೂ ಓದಲೆಂದೇ ಬರೆದ ಟಿಪ್ಪಣಿಗಳಿಗೆ ಅದು ಚಿಂತೆಯ ವಿಷಯವಲ್ಲ; ಮನೆಯವರ ಫೋಟೊಗಳಿಗೆ ನಾನು ಒಪ್ಪುವುದಿಲ್ಲ. ಉಚಿತ ಯೋಜನೆಯಲ್ಲಿ ಒಂದು ಬಾರಿಗೆ ಕಳಿಸಬಹುದಾದದ್ದು 100 ಎಂಬಿ; ಉದ್ದನೆಯ ವಿಡಿಯೊವನ್ನು ಇಡಿಯಾಗಿ ಏರಿಸುವ ಆ್ಯಪ್‌ಗಳು ಅಲ್ಲೇ ಮುಗ್ಗರಿಸುತ್ತವೆ.

ಬಾಡಿಗೆ ಸರ್ವರ್ ಮತ್ತು ವೈರ್‌ಗಾರ್ಡ್

ಸಾರ್ವಜನಿಕ ವಿಳಾಸವಿರುವ ಒಂದು ಚಿಕ್ಕ ಸರ್ವರನ್ನು ಬಾಡಿಗೆಗೆ ಪಡೆದು, ಮನೆಗೂ ಅದಕ್ಕೂ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್‌ನ ಗೂಢಲಿಪಿ ಸಂಪರ್ಕ ಕಟ್ಟುವುದು ನಾಲ್ಕನೆಯ ದಾರಿ. ಇದರಲ್ಲಿ ಕೆಲಸ ಹೆಚ್ಚು, ನೋಡಿಕೊಳ್ಳಬೇಕಾದ ಯಂತ್ರವೂ ಒಂದು ಹೆಚ್ಚು. ಪ್ರತಿಯಾಗಿ ಎರಡೂ ತುದಿ ನಿಮ್ಮವು. ಬಾಡಿಗೆ ಸರ್ವರ್‌ನ ಹೊರಬದಿ, ಅದರ ಟನೆಲ್ ಬದಿ, ಮನೆಯ ಟನೆಲ್ ಬದಿ, ಈ ಮೂರೂ ಕಡೆ ಟಿಸಿಪಿಡಂಪ್ ಇಟ್ಟರೆ ಪ್ಯಾಕೆಟ್ ಎಲ್ಲಿ ಕಳೆದುಹೋಯಿತು ಎಂಬುದು ಕಣ್ಣೆದುರೇ ಕಾಣುತ್ತದೆ. ಬಾಡಿಗೆ ಸರ್ವರ್‌ನ ಎಂಜಿನ್‌ಎಕ್ಸ್ ಪ್ಯಾಕೆಟ್‌ಗಳನ್ನು ಬಿಚ್ಚದೆ ಹಾಗೆಯೇ ದಾಟಿಸುವಂತೆ ಮಾಡಿದರೆ ಗೂಢಲಿಪೀಕರಣ ಮನೆಯ ಸರ್ವರ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಸಂದರ್ಶಕರ ನಿಜವಾದ ವಿಳಾಸವನ್ನು ಹೊತ್ತು ತರುವ ಪ್ರಾಕ್ಸಿ ಪ್ರೋಟೊಕಾಲ್ ಹಾಕಲೇಬೇಕು. ಇಲ್ಲದಿದ್ದರೆ ಎಲ್ಲ ಸಂದರ್ಶಕರೂ ಬಾಡಿಗೆ ಸರ್ವರ್‌ನ ಒಂದೇ ವಿಳಾಸದಿಂದ ಬಂದಂತೆ ತೋರುತ್ತಾರೆ. ಕಿಡಿಗೇಡಿಗಳನ್ನು ತಡೆಯಲು ಇಟ್ಟ ಫೇಲ್2ಬ್ಯಾನ್ ಆ ವಿಳಾಸವನ್ನೇ ತಡೆದು ಇಡೀ ತಾಣವನ್ನು ಮುಚ್ಚಿಬಿಡುತ್ತದೆ.

ವೈರ್‌ಗಾರ್ಡ್ ಮೌನಿ. ಕೀಲಿ ತಪ್ಪಿದ್ದರೆ ಅದು ಎದುರಿನವರಿಗೆ ಯಾವ ಉತ್ತರವನ್ನೂ ಕೊಡುವುದಿಲ್ಲ. ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳ ಪರಸ್ಪರ ಪರಿಚಯ) ಯಾವಾಗ ಆಯಿತು ಎಂಬುದೇ ಮುಖ್ಯ ಸುಳಿವು. ಸಂಚಾರವಿರುವಾಗ ಅದು ಸುಮಾರು ಎರಡು ನಿಮಿಷಕ್ಕೊಮ್ಮೆ ಹೊಸದಾಗುತ್ತಿರಬೇಕು. ಮನೆಯ ಬದಿಯಲ್ಲಿ ಸಂಪರ್ಕವನ್ನು ಜೀವಂತವಾಗಿಡುವ ಕೀಪ್‌ಅಲೈವ್ 25 ಸೆಕೆಂಡ್ ಇಡದಿದ್ದರೆ, ಸ್ವಲ್ಪ ಹೊತ್ತು ಸಂಚಾರವಿಲ್ಲದಾಗ ರೂಟರ್ ಆ ಸಂಪರ್ಕವನ್ನು ಮರೆತುಬಿಡುತ್ತದೆ, ಹೊರಗಿನಿಂದ ಬಂದವರಿಗೆ ಬಾಗಿಲು ಮುಚ್ಚಿರುತ್ತದೆ.

ನನಗೆ ಎದುರಾದ ಅತಿ ವಿಚಿತ್ರ ದೋಷವೂ ಇಲ್ಲಿಯದೇ, ಅದನ್ನು ಬಿಡಿಸಲು ಸಾಧ್ಯವಾದದ್ದೂ ಇಲ್ಲಿಯೇ. ದೂರದಿಂದ ಆದೇಶ ಕೊಡುವ ಎಸ್‌ಎಸ್‌ಎಚ್ ಲಾಗಿನ್ ಸಲೀಸು, ಚಿಕ್ಕ ಪುಟಗಳೂ ಸಲೀಸು. ಫೋಟೊ ಇರುವ ಪುಟ ಮಾತ್ರ ಅರ್ಧ ತೆರೆದು ನಿಲ್ಲುತ್ತಿತ್ತು. ಕಾರಣ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಹೊರಬಹುದಾದ ಗರಿಷ್ಠ ಬೈಟ್‌ಗಳು. ವೈರ್‌ಗಾರ್ಡ್ ಸಾಮಾನ್ಯವಾಗಿ ತನಗೆ 1420 ಇಟ್ಟುಕೊಳ್ಳುತ್ತದೆ. ಹೊರಗವಸು ಐಪಿವಿ4 ಆದರೆ 60 ಬೈಟ್ ಸೇರುತ್ತದೆ, ಐಪಿವಿ6 ಆದರೆ 80. ಮನೆಯ ಅಂತರ್ಜಾಲ ಸಂಪರ್ಕ ಪಿಪಿಪಿಒಇ ಎಂಬ ಬಗೆಯದು, ಅದರ ಮಿತಿ 1492. ಬಾಡಿಗೆ ಸರ್ವರ್‌ನ ಹೆಸರಿಗೆ ಐಪಿವಿ6 ವಿಳಾಸ ಇದ್ದುದರಿಂದ ಟನೆಲ್ ಆ ದಾರಿ ಹಿಡಿದಿತ್ತು: 1420ಕ್ಕೆ 80 ಸೇರಿ 1500, ಮಿತಿಗಿಂತ ಎಂಟು ಬೈಟ್ ಹೆಚ್ಚು. ಹಾಗೆ ಮೀರಿದ್ದು ತುಂಡಾಗಿ ಸಾಗಬೇಕು. ಐಪಿವಿ6 ತುಂಡುಗಳನ್ನು ಹಲವು ಜಾಲಗಳು ಬಿಸಾಡುತ್ತವೆ. ತುಂಡರಿಸಬೇಡ ಎಂದು ಹೇಳಿ ಟನೆಲ್ ಮೂಲಕ ಪಿಂಗ್ ಕಳಿಸಿದಾಗ 1384 ಬೈಟ್‌ನದು (28 ಬೈಟ್ ಹೆಡರ್ ಸೇರಿ 1412) ದಾಟಿತು, 1392ರದು ದಾಟಲಿಲ್ಲ. ಎರಡೂ ತುದಿಗಳಲ್ಲಿ ಎಂಟಿಯು 1412 ಎಂದು ಬರೆದ ಮೇಲೆ ಫೋಟೊಗಳು ಸರಾಗವಾಗಿ ತೆರೆದುಕೊಂಡವು. ಟನೆಲ್‌ನ ಒಂದು ತುದಿ ಬೇರೆಯವರ ಕೈಯಲ್ಲಿದ್ದಿದ್ದರೆ ಈ ಎಂಟು ಬೈಟ್‌ಗಳನ್ನು ಹಿಡಿಯುವುದು ಬಲು ಕಷ್ಟವಾಗುತ್ತಿತ್ತು.

ಸಾರ್ವಜನಿಕ ಐಪಿವಿ4 ವಿಳಾಸ ಇರುವವರು ಪೋರ್ಟ್ ಫಾರ್ವರ್ಡಿಂಗ್ ಬಿಟ್ಟು ಬೇರೆಡೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ಒಳಗಿನ ಡಿಎನ್‌ಎಸ್ ಜೊತೆಗಿರಲಿ. ಸಿಜಿನ್ಯಾಟ್‌ನ ಹಿಂದಿದ್ದು, ತಾಣದಲ್ಲಿ ಎಲ್ಲರಿಗೂ ತೆರೆದ ಬರಹಗಳಷ್ಟೇ ಇದ್ದರೆ ಕ್ಲೌಡ್‌ಫ್ಲೇರ್ ಟನೆಲ್ ಸಾಕು. ಖಾಸಗಿ ಕಡತಗಳಿದ್ದರೆ ವೈರ್‌ಗಾರ್ಡ್‌ನ ಶ್ರಮ ಸಾರ್ಥಕ. ನನ್ನ ಎರಡೂ ತಾಣಗಳು ಈಗ ನಡೆಯುತ್ತಿರುವುದು ಅದರ ಮೇಲೆಯೇ. ಐಪಿವಿ6 ಒಂದನ್ನೇ ನಂಬಿ ಸಾರ್ವಜನಿಕ ತಾಣ ನಡೆಸಲು ನಾನು ಇನ್ನೂ ಸಿದ್ಧನಿಲ್ಲ. ಫೋಟೊಗಳನ್ನು ನೋಡುವವರು ಮನೆಯವರು ಮಾತ್ರ ಎಂದಾದರೆ ಬಾಡಿಗೆ ಸರ್ವರ್‌ನ 80 ಮತ್ತು 443ನ್ನು ತೆರೆಯುವ ಅಗತ್ಯವೂ ಇಲ್ಲ. ಅವರ ಫೋನ್‌ಗಳಿಗೆ ವೈರ್‌ಗಾರ್ಡ್ ಆ್ಯಪ್ ಹಾಕಿಕೊಟ್ಟು, ವೈರ್‌ಗಾರ್ಡ್ ಬಳಸುವ ಒಂದು ಯುಡಿಪಿ ಪೋರ್ಟ್ ಮಾತ್ರ ತೆರೆದಿಡಿ.