ಪಿ ಬೇಸಿನ ಮೈ, ಜೆ ಬೇಸಿನ ಕುತ್ತಿಗೆ

ಹುಬ್ಬಳ್ಳಿಯಲ್ಲಿ ಬೇಸ್ ಗಿಟಾರ್, ಅಂದರೆ ಹಾಡಿನ ತಳದ ದಪ್ಪ ಸ್ವರ ಕೊಡುವ ನಾಕು ತಂತಿಯ ಗಿಟಾರ್, ನುಡಿಸ್ತೀನಿ ಅಂದರೆ ಜನ ಮೊದಲು ಕೇಳುವುದು ಒಂದೇ. "ನಾಕ ತಂತಿ ಅದಾವಲ್ಲ, ಉಳಿದೆರಡು ಹರದಾವೇನು?" ಹದಿನಾಲ್ಕು ವರ್ಷದಿಂದ ಇದಕ್ಕೆ ಉತ್ತರ ಕೊಡುತ್ತಲೇ ಇದ್ದೇನೆ. ಹಗಲು ಲೆಕ್ಕ ಬರೆಯುವ ಕೆಲಸ, ಸಂಜೆ ಆರ್ಕೆಸ್ಟ್ರಾ. ಮದುವೆ ರಿಸೆಪ್ಶನ್, ಗಣಪತಿ ಹಬ್ಬ, ಊರ ಜಾತ್ರೆ, ಕರೆದಲ್ಲಿಗೆ ಹೋಗುತ್ತೇವೆ. ಇಲ್ಲಿಯವರೆಗೆ ನುಡಿಸಿದ್ದು ಒಂದು ಅಗ್ಗದ ನಕಲು ಬೇಸ್. ಈಗ ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿದೆ. ನನಗೆ ಬೇಕಾದ ಹಾಗೇ ಒಂದನ್ನು ಮಾಡಿಸಬೇಕು ಅನ್ನೋ ಹುಚ್ಚು ಹತ್ತಿದೆ.

ಆದರೆ ಯಾವುದರ ಹಾಗೆ? ಅದು ಗೊತ್ತಾಗಲಿ ಅಂತ ಗೆಳೆಯರಿಂದ ಮೂರು ಬೇಸ್ ಕಡ ತಂದೆ. ಪ್ರಿಸಿಷನ್ (ಪಿ ಬೇಸ್), ಜಾಝ್ (ಜೆ ಬೇಸ್), ಸ್ಟಿಂಗ್‌ರೇ, ಮೂರೂ ಹೆಸರಾಂತ ಮಾದರಿಗಳು. ಎರಡು ತಿಂಗಳು ಮೂರನ್ನೂ ಒಂದೇ ಆಂಪ್ಲಿಫೈಯರ್‌ಗೆ ಹಚ್ಚಿ, ಮನೆಯಲ್ಲೂ ಸ್ಟೇಜ್ ಮೇಲೂ ನುಡಿಸಿದೆ. ಮಜಾ ಅಂದರೆ ಮೂರರ ಹಿಂದೆಯೂ ಇರುವುದು ಒಬ್ಬನೇ ಮನುಷ್ಯ, ಲಿಯೋ ಫೆಂಡರ್. 1951ರಲ್ಲಿ ಪ್ರಿಸಿಷನ್ ತಂದ, 1960ರಲ್ಲಿ ಜಾಝ್. 1965ರಲ್ಲಿ ತನ್ನ ಕಂಪನಿಯನ್ನೇ ಮಾರಿದ. ಆಮೇಲೆ ಮ್ಯೂಸಿಕ್ ಮ್ಯಾನ್ ಕಂಪನಿ ಸೇರಿಕೊಂಡು 1976ರಲ್ಲಿ ಸ್ಟಿಂಗ್‌ರೇ ಹೊರಗೆ ತಂದ. ಇಷ್ಟೆಲ್ಲ ಮಾಡಿದವನಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನಮ್ಮ ಮೀರಜಿನ ತಂಬೂರಿ ಮಾಡುವವರೆಲ್ಲ ಹಾಡುತ್ತಾರಾ, ಇದೂ ಹಾಗೇ ಇರಬೇಕು.

ಮನೆಯಲ್ಲಿ ಮೊದಲ ವಾರ ಗೆದ್ದಿದ್ದು ಜಾಝ್. ಅದರ ಕುತ್ತಿಗೆ, ಅಂದರೆ ಎಡಗೈ ಹಿಡಿಯುವ ಉದ್ದ ಭಾಗ, ತಂತಿ ಶುರುವಾಗುವಲ್ಲಿ ಬರೀ 38 ಮಿಲಿಮೀಟರ್ ಅಗಲ. ಪ್ರಿಸಿಷನ್‌ನಲ್ಲಿ ಅದೇ ಜಾಗ ಅಳೆದರೆ 41ರ ಮೇಲೆ. ಮೂರು ಮಿಲಿಮೀಟರ್ ಅಂದರೆ ಏನು ಮಹಾ ಅಂತೀರಾ? ನನ್ನ ಬೆರಳು ಗಿಡ್ಡ. ಮೂರು ತಾಸಿನ ಪ್ರೋಗ್ರಾಂ ಮುಗಿದ ಮೇಲೆ ಎಡಗೈ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತದೆ, ಮರುದಿನ ರೊಟ್ಟಿ ಮುರಿಯುವಾಗ ನೋವು ಗೊತ್ತಾಗುತ್ತದೆ. ಜಾಝ್ ನುಡಿಸಿದ ಮರುದಿನ ಆ ನೋವು ಇರಲಿಲ್ಲ. ತಂತಿಯ ಅದುರು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಎರಡು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ಹಿಂದಿನದನ್ನು ಸ್ವಲ್ಪ ಏರಿಸಿದರೆ ಧ್ವನಿ ಮೂಗಿನಿಂದ ಬಂದ ಹಾಗೆ ಮೊನಚಾಗುತ್ತದೆ, ಒಂದೊಂದು ಸ್ವರವೂ ಬಿಡಿಸಿಟ್ಟ ಹಾಗೆ.

ಆದರೆ ಸ್ಟೇಜ್ ಮೇಲೆ ಕಥೆ ಬೇರೆ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಮಧ್ಯದ ಧ್ವನಿ ಕುಗ್ಗಿ, ಡ್ರಮ್, ಢೋಲಕ್, ಎರಡು ಕೀಬೋರ್ಡ್ ನಡುವೆ ಬೇಸ್ ಎಲ್ಲಿದೆ ಅಂತ ಹುಡುಕಬೇಕು. ಒಂದನ್ನು ಇಳಿಸಿದರೆ ಹಮ್, ಅಂದರೆ ಕರೆಂಟಿನ ಗುಂಯ್ ಸದ್ದು, ಶುರು. ಎರಡು ಪಿಕಪ್‌ನ ಸುರುಳಿಗಳು ಎದುರುಬದುರಾಗಿ ಸುತ್ತಿರುತ್ತವೆ, ಎರಡೂ ಸಮ ಇದ್ದರೆ ಮಾತ್ರ ಒಂದರ ಹಮ್ ಇನ್ನೊಂದನ್ನು ಅಳಿಸುತ್ತದೆ. ನಗರದ ಒಂದು ಕಲ್ಯಾಣ ಮಂಟಪದಲ್ಲಿ ಅರ್ಥಿಂಗ್ ಸರಿ ಇರಲಿಲ್ಲ, ಮೇಲೆ ಸೀರಿಯಲ್ ಲೈಟಿನ ಸಾಲು ಬೇರೆ. ಜಾಝ್ ಅಲ್ಲಿ ದುಂಬಿಯ ಹಾಗೆ ಗುಂಯ್ ಅನ್ನತೊಡಗಿತು.

ಆ ಹಮ್‌ಗೂ ಒಂದು ಶ್ರುತಿ ಇದೆ, ಅದು ಅವತ್ತೇ ತಲೆಗೆ ಹೊಳೆದದ್ದು. ನಮ್ಮ ಕರೆಂಟು 50 ಹರ್ಟ್ಝ್. ಬೇಸಿನ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಝ್. ಅಂದರೆ ಹೆಸ್ಕಾಂನವರ ಕರೆಂಟು ಹಾಡುವುದು ಹೆಚ್ಚುಕಡಿಮೆ ಬಿಳಿ ಐದರಲ್ಲಿ (ಹಾರ್ಮೋನಿಯಂ ಲೆಕ್ಕದ ಜಿ ಶ್ರುತಿ), ಸ್ವಲ್ಪ ಏರು. ಅಂದು ಬಿಳಿ ಐದರ ಹಾಡುಗಳಲ್ಲಿ ಹಮ್ ಶ್ರುತಿಪೆಟ್ಟಿಗೆಯ ಹಾಗೆ ಕೂತುಬಿಟ್ಟಿತು, ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಹಾಡುಗಾರ್ತಿ ಮುಂದಿನ ಹಾಡನ್ನು ಕರಿ ಮೂರಕ್ಕೆ ಇಳಿಸಿದಳು ನೋಡಿ, ಎಲ್ಲರೂ ತಿರುಗಿ ನನ್ನನ್ನೇ ನೋಡಿದರು.

ಸ್ಟಿಂಗ್‌ರೇ ಬಗ್ಗೆ ಜಾಸ್ತಿ ಹೇಳಲ್ಲ. ಒಂದೇ ದೊಡ್ಡ ಹಂಬಕರ್, ಅಂದರೆ ಹಮ್ ತಾನೇ ಅಳಿಸಿಕೊಳ್ಳುವ ಪಿಕಪ್, ಒಳಗೆ ಧ್ವನಿ ಏರಿಸಿ ತಿದ್ದಲು ಬ್ಯಾಟರಿಯಿಂದ ನಡೆಯುವ ಪ್ರಿಆಂಪ್. ಹೆಬ್ಬೆರಳಿನಿಂದ ಬಡಿದು ನುಡಿಸುವವರಿಗೆ ಇದರಷ್ಟು ಖಣಖಣ ಅನ್ನುವುದು ಇನ್ನೊಂದಿಲ್ಲ. ಆದರೆ ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್, ತೆಗೆದರೆ ಆಫ್. ನಾನು ಹಿಂದಿನ ರಾತ್ರಿ ಕೇಬಲ್ ಚುಚ್ಚಿಟ್ಟೇ ಮಲಗಿದ್ದೆ. ಗಣಪತಿ ಪೆಂಡಾಲಿನಲ್ಲಿ ನಾಲ್ಕನೇ ಹಾಡಿಗೆ ಧ್ವನಿ ಮೊದಲು ಒಡೆಯಿತು, ಆಮೇಲೆ ಸತ್ತೇಹೋಯಿತು. ರಾತ್ರಿ ಹತ್ತಕ್ಕೆ 9 ವೋಲ್ಟಿನ ಬ್ಯಾಟರಿ ಎಲ್ಲಿಂದ ತರೋಣ? ಕೊನೆಗೆ ನಿರೂಪಕಿಯ ಕಾರ್ಡ್‌ಲೆಸ್ ಮೈಕಿನ ಬ್ಯಾಟರಿ ಬಿಚ್ಚಿ ಹಾಕಿದೆವು. ಆಕೆ ವೈರಿನ ಮೈಕ್ ಹಿಡಿದು, ಮಾತಿಗೊಮ್ಮೆ ನನ್ನ ಹೆಸರು ಹೇಳಿ ಸೇಡು ತೀರಿಸಿಕೊಂಡಳು. ತಪ್ಪು ನನ್ನದೇ. ಆದರೂ ನನ್ನ ಬೇಸಿನಲ್ಲಿ ಬ್ಯಾಟರಿ ಬೇಡ.

ಉಳಿದದ್ದು ಪ್ರಿಸಿಷನ್. ಮನೆಯಲ್ಲಿ ಒಂದೇ ನುಡಿಸಿದರೆ ಸಪ್ಪೆ. ಒಂದು ವಾಲ್ಯೂಮ್, ಒಂದು ಟೋನ್, ಮುಗಿಯಿತು. ಆದರೆ ಸಮುದಾಯ ಭವನದಲ್ಲಿ ತಾಲೀಮಿಗೆ ಹಚ್ಚಿದಾಗ ಕೀಬೋರ್ಡ್ ಹುಡುಗ ಅರ್ಧಕ್ಕೆ ನಿಲ್ಲಿಸಿ ಕೇಳಿದ, "ಇವತ್ತ ಏನ್ ಮಾಡೀರಿ ಅಣ್ಣಾ? ತಳ ಸಿಕ್ಕಂಗಾತು." ನಾನು ಏನೂ ಮಾಡಿರಲಿಲ್ಲ, ಬೇಸ್ ಬದಲಿಸಿದ್ದೆ ಅಷ್ಟೇ. ಇದರ ಪಿಕಪ್ 1957ರಿಂದ ಎರಡು ತುಂಡು. ಒಂದು ದಪ್ಪ ತಂತಿಗಳ ಕೆಳಗೆ, ಇನ್ನೊಂದು ತೆಳು ತಂತಿಗಳ ಕೆಳಗೆ. ಒಂದರ ಹಮ್ ಇನ್ನೊಂದು ತಿನ್ನುತ್ತದೆ, ನಾಬ್ ಎಲ್ಲೇ ಇರಲಿ. ಅದೇ ಕಲ್ಯಾಣ ಮಂಟಪಕ್ಕೆ ಇನ್ನೊಮ್ಮೆ ಹೋದಾಗ ಇದು ತುಟಿ ಪಿಟಕ್ ಅನ್ನಲಿಲ್ಲ.

ತಂತಿಯದೂ ಒಂದು ಜಗಳ. ಸಾಮಾನ್ಯ ರೌಂಡ್‌ವೌಂಡ್ ತಂತಿ ಗರಗರ, ಬೆರಳು ಸರಿಸಿದರೆ ಚರ್ ಅನ್ನುತ್ತದೆ. ಫ್ಲಾಟ್‌ವೌಂಡ್ ನುಣುಪು, ಧ್ವನಿ ಸ್ವಲ್ಪ ಮಂದ. ಅಮೆರಿಕದ ಮೊಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತನ್ನ 1962ರ ಪ್ರಿಸಿಷನ್‌ಗೆ ಫ್ಲಾಟ್ ತಂತಿ ಹಾಕಿ, ಹರಿಯುವ ತನಕ ಬದಲಿಸುತ್ತಿರಲಿಲ್ಲವಂತೆ. ನನಗೆ ಇದು ಎರಡು ಕಾರಣಕ್ಕೆ ಒಪ್ಪಿತು. ಧ್ವನಿ ಒಂದು, ಖರ್ಚು ಇನ್ನೊಂದು.

ಫ್ರೆಟ್ ಇಲ್ಲದ ಬೇಸ್ ಮಾಡಿಸು ಅಂತ ಧಾರವಾಡದ ಗೆಳೆಯನೊಬ್ಬ ಬೆನ್ನು ಹತ್ತಿದ್ದ. ಅವನು ಗಾಯನ ಕಲಿತವನು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲದ ವಾದ್ಯ ಅವನ ಲೆಕ್ಕದಲ್ಲಿ ವಾದ್ಯವೇ ಅಲ್ಲ. ಅವನ ಮನೆಯಲ್ಲಿ ಒಂದು ಫ್ರೆಟ್‌ಲೆಸ್ ಹಿಡಿದೆ. ತಂತಿ ನೇರ ಕಟ್ಟಿಗೆಗೆ ತಾಗಿ ಜವಾರಿ (ತಂತಿಯ ಝೇಂಕಾರ) ಕೂಡಿದ ತಂಬೂರಿಯ ಹಾಗೆ ಅರಳಿತು, ನಿಜವಾಗಿ ಮೈ ಜುಂ ಅಂತು. ಆದರೆ ಹೊಗೆ ಬಿಡುವ ಮಿಷನ್, ಮಿಣುಕು ಲೈಟು, ಎದುರಿಗೆ ಕುಣಿಯುವ ವರನ ಗೆಳೆಯರು. ಅಲ್ಲಿ ಬೆರಳು ಒಂದು ಗೆರೆ ಸರಿದರೂ ಅಪಸ್ವರ. 1951ರ ಬೇಸಿಗೆ ಪ್ರಿಸಿಷನ್ ಅಂತ ಹೆಸರು ಬಂದದ್ದೇ ಫ್ರೆಟ್‌ನಿಂದ, ಒತ್ತಿದಲ್ಲಿ ಸರಿಯಾದ ಸ್ವರ ಬರಲಿ ಅಂತ. ನನಗೆ ಆ ಭದ್ರತೆ ಬೇಕು.

ಹಾಗಾಗಿ ಪಿ ಬೇಸಿನ ಮೈ ಮತ್ತು ಪಿಕಪ್, ಜೆ ಬೇಸಿನ ಸಣ್ಣ ಕುತ್ತಿಗೆ, ಫ್ಲಾಟ್ ತಂತಿ. ಕುತ್ತಿಗೆ ತಯಾರಾದದ್ದೇ ತರಿಸುತ್ತೇನೆ. ಫ್ರೆಟ್ ಕೂರಿಸುವ ಕೆಲಸ ಇಲ್ಲಿ ಆಗುವಂಥದ್ದಲ್ಲ. ಬೆರಳು ಓಡುವ ಪಟ್ಟಿ ಮಾತ್ರ ರೋಸ್‌ವುಡ್‌ದೇ ಇರಲಿ ಅಂತ ಆಸೆ. ಇಂಡಿಯನ್ ರೋಸ್‌ವುಡ್ ಅಂತ ಜಗತ್ತೆಲ್ಲ ಕರೆಯುವುದು ನಮ್ಮ ಬೀಟೆಯನ್ನೇ ಅಲ್ವಾ.

ಮೈಯ ಕೆಲಸ ಓಣಿಯ ಬಡಿಗೇರ ಕಾಕಾನದು. ರಟ್ಟಿನ ಮೇಲೆ ಆಕಾರ ಕತ್ತರಿಸಿ ಒಯ್ದಿದ್ದೆ. ತಿರುಗಿಸಿ ಮುರುಗಿಸಿ ನೋಡಿದ.

"ಸಾಗವಾನಿ ಹಾಕೂಣೇನು? ನಿನ್ನ ಮೊಮ್ಮಗನ ಕಾಲಕ್ಕೂ ಬರ್ತೈತಿ."

"ಬ್ಯಾಡ ಕಾಕಾ, ಭಾಳ ವಜ್ಜಾ ಆಗ್ತೈತಿ. ಹೆಗಲಿಗೆ ಹಾಕ್ಕೊಂಡು ಮೂರು ತಾಸು ನಿಂದರಬೇಕು."

ಮೂರು ಬೇಸನ್ನೂ ನಾನು ತಕ್ಕಡಿಗೆ ಹಾಕಿದ್ದೆ. ಎಲ್ಲವೂ ನಾಲ್ಕು ಕಿಲೋ ಆಚೀಚೆ. ಅದಕ್ಕಿಂತ ಹಗುರ ಆದರೆ ಕುತ್ತಿಗೆಯೇ ನೆಲ ನೋಡುತ್ತದೆ, ಭಾರ ಆದರೆ ಬೆನ್ನು. ಕಾಕಾ ಈಗ ಸಾಗವಾನಿಗಿಂತ ಹಗುರವಾದ ಒಣಗಿದ ಹಲಗೆ ಹುಡುಕುತ್ತಿದ್ದಾನೆ.

ನಾಬ್‌ಗೆ ಎರಡೇ ತೂತು ಅಂತ ಅವನಿಗೆ ಹೇಳಿದ್ದೇನೆ. ಆದರೆ ಜಾಝ್‌ನ ಆ ಹಿಂದಿನ ಪಿಕಪ್ ಒಂದನ್ನು ಸೇರಿಸಿದರೆ ಹೇಗೆ, ಆ ಮೂಗಿನ ಧ್ವನಿ ಒಂದೆರಡು ಹಾಡಿಗೆ ಬೇಕಾಗುತ್ತದಲ್ಲ ಅನ್ನೋ ಹುಳ ತಲೆಯಿಂದ ಹೋಗಿಲ್ಲ. ಹಮ್ ಬರುತ್ತದೆ, ಗೊತ್ತು. ರಟ್ಟಿನ ಮೇಲೆ ಮೂರನೇ ತೂತಿನ ಜಾಗಕ್ಕೆ ಪೆನ್ಸಿಲ್‌ನಿಂದ ಸಣ್ಣ ಗುರುತು ಹಾಕಿ ಬಂದಿದ್ದೇನೆ.