ಗದ್ದೆಯ ನೀರು ಅಳೆಯಲು ತೂತಿನ ಪೈಪೋ, ಸೆನ್ಸರೋ?

ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿಯಾಡುವುದಿಲ್ಲ. ಆ ಕೆಸರಿನೊಳಗಿನ ಸೂಕ್ಷ್ಮಜೀವಿಗಳು ಮಿಥೇನ್ ಬಿಡುತ್ತವೆ. ಅದು 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಜಾಸ್ತಿ ಬಿಸಿ ಹಿಡಿಯುವ ಅನಿಲ. ಆಗಾಗ ಗದ್ದೆ ಆರಲು ಬಿಟ್ಟರೆ ಈ ಮಿಥೇನ್ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಆದರೆ ಎಷ್ಟು ಆರಿದರೆ ಸಾಕು? ಇದನ್ನು ತಿಳಿಯಲು ಮೂರು ದಾರಿ ನೋಡಿದೆ.

ಮೊದಲು ಪೈಪು. ಸುಮಾರು 30 ಸೆಂ.ಮೀ. ಉದ್ದ, ಕೆಳಭಾಗಕ್ಕೆ ತೂತು. ಕೆಸರಿಗೆ ಇಳಿಸಿ, ಒಳಗಿನ ಮಣ್ಣು ತೆಗೆದು, ಕಡ್ಡಿ ಅದ್ದಿ ನೋಡುವುದು. ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ ನೀರು ಬಿಡಬೇಕು. ಬದುವಿನ ಪಕ್ಕ ಹಾಕಬೇಡಿ. ಅಲ್ಲಿ ನೀರು ಬದುವಿನೊಳಕ್ಕೆ ಜಿನುಗುವುದರಿಂದ ಮಟ್ಟ ತಪ್ಪಾಗಿ ಕಾಣುತ್ತದೆ. ಪೈಪು ಸುಳ್ಳು ಹೇಳುವುದಿಲ್ಲ. ಆದರೆ ನಾವೇ ಹೋಗಿ ಬಗ್ಗಿ ನೋಡಬೇಕು. ದೂರದ ಮಡಿಗೆ ದಿನಾ ಹೋಗಲು ಆಗುತ್ತಾ? ಆಗದಿದ್ದಾಗ 'ಇರಲಿ' ಅಂತ ಪಂಪು ಹಾಕಿಬಿಡುತ್ತಿದ್ದೆ. ಆರಬೇಕಿದ್ದ ಮಡಿ ಮತ್ತೆ ಮುಳುಗುತ್ತಿತ್ತು.

ಸೆನ್ಸರ್ ಗೆದ್ದದ್ದು ಇಲ್ಲೇ. ಅದೇ ಥರದ ಪೈಪಿನ ಬಾಯಿಗೆ ಕೂರಿಸಿದ ಪುಟ್ಟ ಯಂತ್ರ ಶಬ್ದದ ಅಲೆ ಬಿಟ್ಟು ನೀರಿನ ಮಟ್ಟ ಅಳೆದು ಮೊಬೈಲಿಗೆ ಕಳಿಸುತ್ತದೆ. 'ಇನ್ನೂ ಹತ್ತೇ ಸೆಂ.ಮೀ. ಇಳಿದಿದೆ' ಎಂದು ಕಣ್ಣಾರೆ ಕಂಡರೆ ಪಂಪಿನ ಕಡೆ ಕೈ ಹೋಗುವುದಿಲ್ಲ. ಪಂಪು ಡೀಸೆಲ್‌ನದಾದರೆ ಉಳಿಸಿದ ಒಂದೊಂದು ಲೀಟರ್‌ಗೂ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕಡಿಮೆ. ಯಾವತ್ತು ಆರಿತು, ಯಾವತ್ತು ತುಂಬಿತು ಎಂಬ ದಾಖಲೆಯೂ ತಾನೇ ಉಳಿಯುತ್ತದೆ. ಕಾರ್ಬನ್ ಕ್ರೆಡಿಟ್ (ತಗ್ಗಿಸಿದ ಅನಿಲಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ) ಕೇಳುವವರಿಗೆ ಅದು ಬೇಕೇ ಬೇಕು.

ಆದರೆ ಪೂರ್ತಿ ನಂಬಿ ಕೂರಬೇಡಿ. ಒಂದು ಬೆಳಿಗ್ಗೆ ಮಣ್ಣು ಬಿರುಕು ಬಿಡುವಷ್ಟು ಒಣಗಿದ್ದರೂ ಮೊಬೈಲು ನೀರು ತುಂಬಿದೆ ಎನ್ನುತ್ತಿತ್ತು. ಮುಚ್ಚಳ ತೆಗೆದರೆ ಪೈಪಿಗೆ ಅಡ್ಡಲಾಗಿ ಜೇಡರ ಬಲೆ! ಅಲೆ ಅದಕ್ಕೇ ಬಡಿದು ವಾಪಸಾಗುತ್ತಿತ್ತು. ಅವತ್ತಿನಿಂದ ವಾರಕ್ಕೊಮ್ಮೆ ಒರೆಸುತ್ತೇನೆ.

ಉಪಗ್ರಹ ಚಿತ್ರದ ಆ್ಯಪ್ ನೀರಿನ ಮಟ್ಟಕ್ಕೆ ಕೆಲಸಕ್ಕೆ ಬರಲಿಲ್ಲ. ಮೋಡ ಕವಿದರೆ ಚಿತ್ರವೇ ಇಲ್ಲ. ಪೈರು ಎಲ್ಲಿ ಪೇಲವವಾಗಿದೆ ಎಂದು ತೋರಿಸುತ್ತದೆ, ಅಷ್ಟಕ್ಕೆ ಸರಿ. ಅದೂ ಸಣ್ಣ ವಿಷಯವಲ್ಲ ಅನ್ನಿ. ಗದ್ದೆ ಆರಿಸಿ ನೆನೆಸುವಾಗ ಯೂರಿಯಾ ಜಾಸ್ತಿಯಿದ್ದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದು ಬಿಸಿ ಹಿಡಿಯುವುದು ಇಂಗಾಲದ ಡೈಆಕ್ಸೈಡ್‌ನ ಸುಮಾರು 273 ಪಟ್ಟು. ಅದಕ್ಕೇ ಆ್ಯಪ್ ನೋಡಿ, ಪೇಲವ ಕಂಡ ಜಾಗಕ್ಕೆ ಹೋಗಿ, ಎಲೆಬಣ್ಣದ ಪಟ್ಟಿ (ಎಲೆಯ ಹಸಿರಿಗೆ ಹೋಲಿಸಿ ಸಾರಜನಕ ಸಾಕೇ ಎಂದು ನೋಡುವ ಪಟ್ಟಿ) ಹಿಡಿದು ನೋಡಿದ ಮೇಲೇ ಮೇಲುಗೊಬ್ಬರ ಹಾಕಿದೆ.

ನನ್ನ ಆಯ್ಕೆ? ಹತ್ತಿರದ ಮಡಿಗಳಿಗೆ ಬರೀ ಪೈಪು, ದೂರದ್ದಕ್ಕೆ ಸೆನ್ಸರ್. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಎರಡನ್ನೂ ಬದಿಗಿಟ್ಟು 5 ಸೆಂ.ಮೀ. ನೀರು ನಿಲ್ಲಿಸುತ್ತೇನೆ. ಆಗ ಒಣಗಿದರೆ ಕಾಳು ಜೊಳ್ಳಾಗುತ್ತದೆ.