ಪಿತ್ತನಾಳದ ಸೋಂಕಿಗೆ ರಕ್ತನಾಳದ ಮೂಲಕ ಯಾವ ಆ್ಯಂಟಿಬಯೋಟಿಕ್?

ಸಕಲೇಶಪುರ, ಅರಸೀಕೆರೆಯಂಥ ಊರುಗಳಿಂದ ಚಳಿಜ್ವರ, ಕಾಮಾಲೆ ಮತ್ತು ಹೊಟ್ಟೆನೋವಿರುವ ರೋಗಿಯನ್ನು ಹಾಸನಕ್ಕೆ ಕಳುಹಿಸುವ ಯುವ ವೈದ್ಯರು, ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆಗೆ) ರಕ್ತ ತೆಗೆದ ಕೂಡಲೇ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಕೊಟ್ಟೇ ಕಳುಹಿಸುವುದು ಒಳಿತು.

ಸೋಂಕು ಸೌಮ್ಯವಾಗಿದ್ದರೆ ಸೆಫ್ಟ್ರಿಯಾಕ್ಸೋನ್ ಅನುಕೂಲಕರ. ಬೆಲೆ ಕಡಿಮೆ, ಸಾಮಾನ್ಯವಾಗಿ ದಿನಕ್ಕೊಮ್ಮೆ ಸಾಕು. ಆದರೆ ಅದು ಎಂಟರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡದು, ಪಿತ್ತಕೋಶದಲ್ಲಿ ಗಸಿಯನ್ನೂ ಕಟ್ಟಿಸಬಲ್ಲದು. ಪಿತ್ತನಾಳವನ್ನು ಕರುಳಿಗೆ ಜೋಡಿಸಿದ ಶಸ್ತ್ರಚಿಕಿತ್ಸೆ ಆಗಿದ್ದವರಿಗೆ ಮೆಟ್ರೊನಿಡಜೋಲ್ ಕೂಡಿಸಬೇಕಾಗುತ್ತದೆ.

ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಸ್ಯೂಡೊಮೊನಾಸ್, ಬಹುಪಾಲು ಎಂಟರೊಕಾಕಸ್ ಹಾಗೂ ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳನ್ನು ಒಂದೇ ಔಷಧಿಯಲ್ಲಿ ಎದುರಿಸುವುದರಿಂದ, ರೋಗ ತೀವ್ರವಾಗಿರುವಾಗ ನನ್ನ ಒಲವು ಅದರ ಕಡೆಗೇ. ಆದರೆ 6 ಅಥವಾ 8 ಗಂಟೆಗೊಮ್ಮೆ ಕೊಡಬೇಕು, ಪೆನಿಸಿಲಿನ್ ಅಲರ್ಜಿ ಇರುವವರಿಗೆ ಕೊಡಬಾರದು.

ಹಿಂದೆ ಇಎಸ್‌ಬಿಎಲ್ ಬ್ಯಾಕ್ಟೀರಿಯಾ (ಸೆಫ್ಟ್ರಿಯಾಕ್ಸೋನ್‌ನಂಥ ಔಷಧಿಗಳನ್ನು ಒಡೆದುಹಾಕುವ ಕಿಣ್ವವುಳ್ಳವು) ಕಂಡುಬಂದವರಿಗೆ, ರಕ್ತದೊತ್ತಡ ಕುಸಿದವರಿಗೆ ಮೆರೋಪೆನೆಮ್ ಸೂಕ್ತ. ಅದನ್ನು ಎಲ್ಲರಿಗೂ ಬಳಸಿದರೆ ನಿರೋಧಕತೆ ಬೆಳೆಯುತ್ತದೆ. ಕಲ್ಚರ್ ವರದಿ ಅನುವು ಮಾಡಿಕೊಟ್ಟೊಡನೆ ಸರಳ ಔಷಧಿಗೆ ಇಳಿಯಬೇಕು.

ಇವುಗಳಲ್ಲಿ ಯಾವುದೂ ಕಟ್ಟಿಕೊಂಡ ನಾಳವನ್ನು ತೆರೆಯದು. ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತೆರೆಯುವ ವಿಧಾನ) ಮೂಲಕ ಪಿತ್ತರಸ ಹರಿದ ಬಳಿಕ ಸಾಮಾನ್ಯವಾಗಿ 4ರಿಂದ 7 ದಿನಗಳ ಚಿಕಿತ್ಸೆ ಸಾಕಾಗುತ್ತದೆ.